ವ್ಯಾನೇ ಮನೆಯಾದರೆ: ನಮ್ಮ ಕಡೆಯ ಬಿಸಿಲು, ಚಳಿಯ ಲೆಕ್ಕ

ರಾಯಚೂರು, ಕೊಪ್ಪಳ ಕಡೆಯ ಹಳ್ಳಿಗಳಲ್ಲಿ ಹಳೆಯ ಮಣ್ಣಿನ ಮಾಳಿಗೆ ಮನೆಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಅಂಥ ಮನೆಯೊಳಗೆ ಹೋಗಿ ಕೂತರೆ ಹೊರಗೆ 42 ಡಿಗ್ರಿ ಇದೆ ಅಂತ ಅನ್ನಿಸುವುದೇ ಇಲ್ಲ. ಅದೇ ಮನೆಯ ಮುಂದೆ ನಿಂತಿರುವ ವ್ಯಾನಿನ ಬಾಗಿಲು ತೆಗೆಯಿರಿ. ಝಳ ಮುಖಕ್ಕೆ ಹೊಡೆಯುತ್ತದೆ. ಎರಡಕ್ಕೂ ಬಿದ್ದ ಬಿಸಿಲು ಒಂದೇ, ಬೀಸಿದ ಗಾಳಿಯೂ ಒಂದೇ.

ವ್ಯತ್ಯಾಸ ಇರುವುದು ತೂಕದಲ್ಲಿ. ಮಾಳಿಗೆಯ ಮೇಲೆ ದಪ್ಪ ಮಣ್ಣು, ಸುತ್ತ ಅಡಿಗಟ್ಟಲೆ ದಪ್ಪದ ಗೋಡೆ. ಬಿಸಿಲು ಅದನ್ನು ಕಾಯಿಸುತ್ತಾ ಹೋಗಿ ಒಳಮೈ ಮುಟ್ಟುವ ಹೊತ್ತಿಗೆ ಹೊತ್ತು ಮುಳುಗಿರುತ್ತದೆ. ವ್ಯಾನಿನ ತಗಡು ಒಂದು ಮಿಲಿಮೀಟರ್ ದಪ್ಪವೂ ಇರುವುದಿಲ್ಲ. ಬಿಸಿಲು ಬಿದ್ದ ಕೆಲವೇ ನಿಮಿಷಕ್ಕೆ ಒಳಗಡೆಯೂ ಕಾದಿರುತ್ತದೆ.

ಆದರೆ ಇದರಲ್ಲೇ ಒಂದು ಅನುಕೂಲವೂ ಇದೆ. ಬಿಸಿಯನ್ನು ಬೇಗ ಹಿಡಿಯುವ ತಗಡು ಬೇಗ ಬಿಡುತ್ತದೆ ಕೂಡ. ಮೇ ತಿಂಗಳಲ್ಲಿ ಆರ್‌ಸಿಸಿ ಮನೆಯ ಸ್ಲ್ಯಾಬು ನಡುರಾತ್ರಿ ದಾಟಿದರೂ ಕೆಳಗೆ ಸೆಖೆ ಇಳಿಸುತ್ತಲೇ ಇರುತ್ತದೆ. ಅದಕ್ಕೇ ಅಲ್ವಾ ಜನ ಹಾಸಿಗೆ ಎತ್ತಿಕೊಂಡು ಮಾಳಿಗೆ ಹತ್ತುವುದು? ವ್ಯಾನು ಹೊತ್ತು ಮುಳುಗಿ ಒಂದು ತಾಸಿಗೆ ಹೊರಗಿನ ಗಾಳಿಯಷ್ಟೇ ತಣ್ಣಗಾಗಿರುತ್ತದೆ. ವ್ಯಾನಿಗೆ ಹವಾಮಾನವನ್ನು ತಡೆದು ನಿಲ್ಲಿಸುವ ತಾಕತ್ತಿಲ್ಲ, ಅದರ ಹಿಂದೆಯೇ ಓಡುತ್ತದೆ. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನಿಂದಲೇ ಹುಟ್ಟಿದ್ದು.

ವ್ಯಾನಿನಲ್ಲಿ ಬಾಳುವುದು ಅಂದರೆ ಹಂಪಿ ಹತ್ತಿರದ ಆನೆಗೊಂದಿ, ಸಣಾಪುರದ ಕಡೆ ಬಂದು ತಿಂಗಳುಗಟ್ಟಲೆ ನಿಲ್ಲುವ ಹುಡುಗರ ಶೋಕಿ ಅಂತ ಅಂದುಕೊಳ್ಳಬೇಡಿ. ಸಿಂಧನೂರು, ಗಂಗಾವತಿ ಕಡೆ ಭತ್ತದ ಕೊಯ್ಲಿಗೆ ಯಂತ್ರದ ಜೊತೆ ಬರುವವರು, ತೋರಣಗಲ್ಲಿನಲ್ಲಿ ಲೋಡಿಗೆ ಕಾಯುವ ಲಾರಿಯವರು, ಜಾತ್ರೆಯಿಂದ ಜಾತ್ರೆಗೆ ಅಂಗಡಿ ಹೊತ್ತೊಯ್ಯುವವರು ಗಾಡಿಯಲ್ಲೇ ಮಲಗಿ ಏಳುವವರು. ಇಂಟರ್ನೆಟ್ಟಿನಲ್ಲಿ ವ್ಯಾನ್ ಮನೆ ಬಗ್ಗೆ ಸಿಗುವ ವಿಡಿಯೊಗಳು ಜಾಸ್ತಿ ಚಳಿ ದೇಶದವು. ಅವರ ಚಿಂತೆ ಒಳಗಿನ ಬಿಸಿ ಹೊರಗೆ ಹೋಗದಂತೆ ನೋಡಿಕೊಳ್ಳುವುದು. ನಮ್ಮದು ಅದಕ್ಕೆ ತದ್ವಿರುದ್ಧ. ಅವರನ್ನು ನೋಡಿ ಮೊದಲು ಥರ್ಮೋಕೋಲ್ ತಂದು ಗೋಡೆಗೆ ಬಡಿಸಿದರೆ ದುಡ್ಡು ಹೋಗುತ್ತದೆ, ಸೆಖೆ ಉಳಿಯುತ್ತದೆ.

ಮೊದಲು ನೆರಳು

ಬಿಸಿ ಎಲ್ಲಿಂದ ಬರುತ್ತದೆ ಅಂತ ನೋಡೋಣ. ರಾಯಚೂರು ಇರುವುದು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಬಳ್ಳಾರಿ ಅದಕ್ಕಿಂತ ಒಂದು ಡಿಗ್ರಿ ಕೆಳಗೆ. ಹಾಗಾಗಿ ಮೇ ತಿಂಗಳ ಮೊದಲ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಇಲ್ಲಿ ನೆತ್ತಿಯ ಮೇಲೇ ಇರುತ್ತಾನೆ. ನಿಮ್ಮ ನೆರಳು ನಿಮ್ಮ ಕಾಲ ಕೆಳಗೇ ಬಿದ್ದಿರುತ್ತದೆ. ಆ ಹೊತ್ತಿನಲ್ಲಿ ಪಕ್ಕದ ಗೋಡೆಗೆ ಬಿಸಿಲು ತಾಗುವುದು ಕಡಿಮೆ, ಎಲ್ಲ ಹೊಡೆತ ಚಾವಣಿಗೆ.

ಮೋಡವಿಲ್ಲದ ಮಧ್ಯಾಹ್ನ ಒಂದು ಚದರ ಮೀಟರ್ ಜಾಗಕ್ಕೆ ಸುಮಾರು 1000 ವ್ಯಾಟ್ ಬಿಸಿಲು ಬೀಳುತ್ತದೆ. ದೊಡ್ಡ ವ್ಯಾನಿನ ಚಾವಣಿ ಹತ್ತು ಚದರ ಮೀಟರ್ ಅಂತ ಇಟ್ಟುಕೊಳ್ಳಿ. ಅಂದರೆ ತಲೆಯ ಮೇಲೆ ಹತ್ತು ಇಸ್ತ್ರಿಪೆಟ್ಟಿಗೆ ಒಟ್ಟಿಗೆ ಹಚ್ಚಿಟ್ಟಂತೆ. ಚಾವಣಿ ಕಪ್ಪು ಬಣ್ಣದ್ದಾದರೆ ಇದರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಹೀರಿಕೊಳ್ಳುತ್ತದೆ. ಒಳ್ಳೆಯ ಬಿಳಿ ಬಣ್ಣ ಅಷ್ಟನ್ನು ವಾಪಸ್ ಕಳಿಸುತ್ತದೆ. ಹಾಗಾಗಿ ಗಾಡಿ ಕೊಳ್ಳುವಾಗಲೇ ಬಿಳಿಯದು ಕೊಳ್ಳುವುದು ಎಲ್ಲಕ್ಕಿಂತ ಅಗ್ಗದ ಉಪಾಯ. ಇದ್ದ ಗಾಡಿಯ ಬಣ್ಣ ಬದಲಿಸುವುದಾದರೆ ಆರ್‌ಸಿಯಲ್ಲಿ ಬರೆಸಬೇಕಾಗುತ್ತದೆ, ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ.

ಎರಡನೆಯದು ತಾಡಪಾಲು. ಇಲ್ಲಿ ಬಹಳ ಜನ ಎಡವುತ್ತಾರೆ. ತಾಡಪಾಲನ್ನು ಚಾವಣಿಗೆ ಅಂಟಿಕೊಂಡಂತೆ ಹಾಸಿದರೆ ಅದು ತಾನೂ ಕಾಯುತ್ತದೆ, ಕೆಳಗಿನ ತಗಡನ್ನೂ ಕಾಯಿಸುತ್ತದೆ. ಚಾವಣಿಯಿಂದ ಒಂದು ಗೇಣು ಮೇಲೆ ಕಟ್ಟಬೇಕು. ಆಗ ಬಿಸಿಲನ್ನು ತಾಡಪಾಲು ತಿನ್ನುತ್ತದೆ, ಅದರ ಬಿಸಿಯನ್ನು ನಡುವೆ ನುಸುಳುವ ಗಾಳಿ ಹೊತ್ತೊಯ್ಯುತ್ತದೆ, ತಗಡಿಗೆ ನೆರಳು ಮಾತ್ರ ಸಿಗುತ್ತದೆ. ಕ್ಯಾರಿಯರ್ ಇದ್ದರೆ ಕೆಲಸ ಸುಲಭ. ಅದರ ಎರಡೂ ಬದಿಗೆ ಉದ್ದಕ್ಕೆ ಬಿದಿರು ಕಟ್ಟಿ, ಅದರ ಮೇಲೆ ಬಟ್ಟೆ ಎಳೆದು, ನಾಲ್ಕೂ ಮೂಲೆಗೆ ಹಗ್ಗ ಬಿಗಿದರೆ ಆಯಿತು. ಪಶ್ಚಿಮದ ಕಡೆ ಬಟ್ಟೆಯನ್ನು ಒಂದು ಮೊಳ ಜಾಸ್ತಿ ಇಳಿಬಿಡಿ, ಇಳಿಹೊತ್ತಿನ ಬಿಸಿಲಿಗೆ ಅದು ಬೇಕಾಗುತ್ತದೆ. ಕಪ್ಪು ತಾಡಪಾಲಿಗಿಂತ ಬಿಳಿ ಅಥವಾ ಬೆಳ್ಳಿ ಬಣ್ಣದ್ದು ಮೇಲು.

ಸೋಲಾರ್ ಪ್ಯಾನಲ್ ಹಾಕಿಸುವವರಿಗೂ ಇದೇ ಮಾತು. ಪ್ಯಾನಲ್ಲನ್ನು ಚಾವಣಿಯಿಂದ ಎತ್ತರಿಸಿ ಕೂರಿಸಿದರೆ ಕರೆಂಟಿನ ಜೊತೆ ನೆರಳೂ ಸಿಗುತ್ತದೆ. ಪ್ಯಾನಲ್ಲಿಗೂ ಒಳ್ಳೆಯದು. 25 ಡಿಗ್ರಿ ದಾಟಿದ ಮೇಲೆ ಪ್ಯಾನಲ್ಲಿನ ಬಿಸಿ ಒಂದೊಂದು ಡಿಗ್ರಿ ಏರಿದಂತೆ ಅದರ ಉತ್ಪಾದನೆ ಶೇಕಡಾ 0.3ರಿಂದ 0.4ರಷ್ಟು ಕುಸಿಯುತ್ತದೆ. ನಮ್ಮ ಬೇಸಿಗೆಯಲ್ಲಿ ಅದು ಸಲೀಸಾಗಿ 65 ಡಿಗ್ರಿ ಮುಟ್ಟುತ್ತದೆ. ಬಿಸಿಲು ಜಾಸ್ತಿ ಇದ್ದಷ್ಟೂ ಕರೆಂಟು ಜಾಸ್ತಿ ಅನ್ನುವುದು ಅರ್ಧ ಸತ್ಯ.

ಮೂರನೆಯದು ಗಾಜು. ಬೆಳಕು ಗಾಜು ದಾಟಿ ಒಳಗೆ ಬರುತ್ತದೆ, ಸೀಟು, ಹಾಸಿಗೆ, ಡ್ಯಾಶ್‌ಬೋರ್ಡಿಗೆ ಬಿದ್ದು ಬಿಸಿಯಾಗುತ್ತದೆ. ಆ ಬಿಸಿ ಮತ್ತೆ ಗಾಜು ದಾಟಿ ಹೊರಗೆ ಹೋಗಲಾರದು. ನಿಲ್ಲಿಸಿದ ಕಾರು ಬಿಸಿಲಲ್ಲಿ ಒಂದು ತಾಸಿಗೆ ಹೊರಗಿಗಿಂತ 20 ಡಿಗ್ರಿ ಜಾಸ್ತಿ ಕಾಯುವುದು ಇದರಿಂದಲೇ. ಮಕ್ಕಳನ್ನಾಗಲಿ ನಾಯಿಯನ್ನಾಗಲಿ ಐದೇ ನಿಮಿಷ ಅಂತ ಒಳಗೆ ಬಿಟ್ಟು ಹೋಗಬಾರದು ಅನ್ನುವುದೂ ಇದಕ್ಕೇ.

ಒಳಗಡೆ ಪರದೆ ಹಾಕಿದರೆ ಸ್ವಲ್ಪ ಉಪಯೋಗ ಉಂಟು, ಆದರೆ ಅಷ್ಟೊತ್ತಿಗೆ ಬಿಸಿಲು ಗಾಜು ದಾಟಿ ಆಗಿರುತ್ತದೆ. ತಡೆಯುವುದಿದ್ದರೆ ಹೊರಗೇ ತಡೆಯಬೇಕು. ಹಳೆಯ ಬಿಳಿ ಬೆಡ್‌ಶೀಟನ್ನು ಮುಂದಿನ ಗಾಜಿನ ಮೇಲೆ ಹೊರಗಿನಿಂದ ಹೊದಿಸಿ, ಎರಡೂ ತುದಿಯನ್ನು ಬಾಗಿಲ ಸಂದಿಗೆ ಸಿಗಿಸಿ ಬಾಗಿಲು ಹಾಕಿ. ಗಾಳಿಗೆ ಹಾರುವುದಿಲ್ಲ. ಕಪ್ಪು ಫಿಲ್ಮ್ ಅಂಟಿಸುವ ಯೋಚನೆ ಬಿಡಿ. 2012ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಹಾಕಿತು. ಮುಂದಿನ, ಹಿಂದಿನ ಗಾಜು ಶೇಕಡಾ 70ರಷ್ಟು, ಪಕ್ಕದ್ದು ಶೇಕಡಾ 50ರಷ್ಟು ಬೆಳಕು ಬಿಡಬೇಕು ಅಂತ ನಿಯಮ ಇದೆ.

ಇಷ್ಟಾದ ಮೇಲೆ ಬೇಕಿದ್ದರೆ ಥರ್ಮೋಕೋಲಿಗೆ ಬನ್ನಿ. ಮೊದಲು ಚಾವಣಿಗೆ, ಆಮೇಲೆ ಉಳಿದದ್ದಕ್ಕೆ. ಥರ್ಮೋಕೋಲ್ ಬಿಸಿಯನ್ನು ನಿಲ್ಲಿಸುವುದಿಲ್ಲ, ತಡ ಮಾಡುತ್ತದೆ ಅಷ್ಟೆ. ಇಡೀ ದಿನ ಬಿಸಿಲಲ್ಲಿ ನಿಂತ ಗಾಡಿಗೆ ಸಂಜೆಯೊಳಗೆ ಬಿಸಿ ಇಳಿದೇ ಇಳಿಯುತ್ತದೆ. ಮಾಡಿಸಿದ ಕೆಲಸ ಸರಿಯಾಗಿದೆಯೋ ಇಲ್ಲವೋ ಅಂತ ನೋಡಲು ಮಧ್ಯಾಹ್ನ ಎರಡು ಗಂಟೆಗೆ ಒಳಚಾವಣಿಯ ಮೇಲೆ ಅಂಗೈ ಇಟ್ಟು ಮುಂದಿನಿಂದ ಹಿಂದಕ್ಕೆ ಸವರಿಕೊಂಡು ಹೋಗಿ. ಬೆಚ್ಚಗೆ, ಬೆಚ್ಚಗೆ, ಆಮೇಲೆ ತಟ್ಟನೆ ಒಂದು ಕಡೆ ಚುರ್ರ್ ಅನ್ನುತ್ತದೆ. ಅಲ್ಲಿ ಚಾವಣಿಯ ಕಬ್ಬಿಣದ ಅಡ್ಡಪಟ್ಟಿ ಇದೆ. ಕಬ್ಬಿಣ ಥರ್ಮೋಕೋಲಿಗಿಂತ ಸಾವಿರ ಪಟ್ಟಿಗೂ ಜಾಸ್ತಿ ಸಲೀಸಾಗಿ ಬಿಸಿಯನ್ನು ದಾಟಿಸುತ್ತದೆ. ಪಟ್ಟಿಗಳ ನಡುವೆ ತುಂಬಿ ಪಟ್ಟಿಯನ್ನು ಹಾಗೇ ಬಿಟ್ಟರೆ ಬಿಸಿ ಆ ದಾರಿಯಲ್ಲೇ ಇಳಿಯುತ್ತದೆ. ಪಟ್ಟಿಯ ಮೇಲೂ ತೆಳುವಾದ ಫೋಮ್ ಒಂದು ಸುತ್ತು ಬರಲಿ. ಇನ್ನು ಬಿಸಿ ತಡೆಯಲು ಅಂಟಿಸುವ ಬೆಳ್ಳಿ ಬಣ್ಣದ ಹಾಳೆಯ ವಿಷಯ. ಅದು ಕೆಲಸ ಮಾಡುವುದು ಹೊಳೆಯುವ ಮುಖದ ಎದುರು ಗಾಳಿ ಆಡುವ ಸಂದಿ ಇದ್ದರೆ ಮಾತ್ರ. ಎರಡೂ ಕಡೆ ಅಂಟು ಹಚ್ಚಿ ಪ್ಲೈವುಡ್ಡಿನ ನಡುವೆ ಒತ್ತಿಬಿಟ್ಟರೆ ಸುಮ್ನೆ ಅಲಂಕಾರ.

ನೀರು ಮಾಡುವ ಕೆಲಸ

ನಮ್ಮ ಚರ್ಮದ ಬಿಸಿ 33ರಿಂದ 35 ಡಿಗ್ರಿಯಷ್ಟು. ಸುಮ್ಮನೆ ಕೂತ ಮನುಷ್ಯನ ಮೈ ಸುಮಾರು 100 ವ್ಯಾಟ್ ಬಿಸಿ ಹೊರಗೆ ಹಾಕುತ್ತಲೇ ಇರುತ್ತದೆ, ಹಾಕಲೇಬೇಕು. ಗಾಳಿ 28 ಡಿಗ್ರಿ ಇದ್ದಾಗ ಫ್ಯಾನು ಆ ಬಿಸಿಯನ್ನು ಒಯ್ದುಬಿಡುತ್ತದೆ. ಗಾಳಿಯೇ 42 ಡಿಗ್ರಿ ಇದ್ದಾಗ? ಆಗ ಅದು ಮೈಯ ಬಿಸಿ ಒಯ್ಯುವ ಬದಲು ತನ್ನ ಬಿಸಿಯನ್ನೇ ಮೈಗೆ ತಂದು ಹಾಕುತ್ತದೆ. ಆಗ ಉಳಿಯುವ ದಾರಿ ಬೆವರು ಒಂದೇ. ಬೆವರು ಆರುವಾಗ ಮೈಯ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಹಾಗಾಗಿ ಬಿರುಬಿಸಿಲಿನ ಹೊತ್ತಿನಲ್ಲಿ ಒಣ ಮೈಗೆ ಫ್ಯಾನ್ ಹಾಕಿಕೊಂಡರೆ ಸಾಲದು. ಒದ್ದೆ ಟವೆಲ್ ಹೆಗಲ ಮೇಲಿರಲಿ, ಮುಖ, ಕುತ್ತಿಗೆ, ಮುಂಗೈಗೆ ಆಗಾಗ ನೀರು ಸವರಿಕೊಳ್ಳಿ, ಆಮೇಲೆ ಫ್ಯಾನು. ಹೋದ ಬೆವರಿಗೆ ತಕ್ಕಷ್ಟು ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ, ನಿಂಬೆ ಶರಬತ್ತು ಒಳಗೆ ಹೋಗಲಿ.

ಇಲ್ಲಿ ಒಂದು ಲೆಕ್ಕ ನೋಡಿ, ನನಗೆ ಬಹಳ ಇಷ್ಟದ್ದು. ಒಂದು ಲೀಟರ್ ನೀರು ಪೂರ್ತಿ ಆರಿಹೋಗಲು ಸುಮಾರು 0.67 ಯೂನಿಟ್ (ಕರೆಂಟ್ ಬಿಲ್ಲಿನ ಯೂನಿಟ್ಟೇ) ಬಿಸಿಯನ್ನು ತಿನ್ನುತ್ತದೆ. ಈಗ ಬ್ಯಾಟರಿ ಕಡೆ ಬನ್ನಿ. ಮನೆಯ ಇನ್ವರ್ಟರಿಗೆ ಹಾಕುವ 150 ಎಎಚ್ ಬ್ಯಾಟರಿಯಲ್ಲಿ 1.8 ಯೂನಿಟ್ ಇರುತ್ತದೆ, ಅದು ಬಾಳಿಕೆ ಬರಬೇಕಾದರೆ ಅರ್ಧ ಮಾತ್ರ ಬಳಸಬೇಕು, ಅಂದರೆ 0.9 ಯೂನಿಟ್. ಒಂದು ಟನ್ನಿನ ಎಸಿ ಸುಮಾರು 1000 ವ್ಯಾಟ್ ಎಳೆಯುತ್ತದೆ. ಬ್ಯಾಟರಿ ಒಂದು ತಾಸೂ ನಿಲ್ಲುವುದಿಲ್ಲ. ಅಷ್ಟರಲ್ಲಿ ಎಸಿ ಹೊರಗೆ ಹಾಕುವ ಬಿಸಿ ಹೆಚ್ಚೆಂದರೆ ಮೂರು ಯೂನಿಟ್ಟು. ನಾಲ್ಕೈದು ಲೀಟರ್ ನೀರು ಆರಿದರೂ ಅಷ್ಟೇ ಬಿಸಿ ಹೋಗುತ್ತದೆ! ಅದೇ ಬ್ಯಾಟರಿಯಲ್ಲಿ 25 ವ್ಯಾಟಿನ ಡಿಸಿ ಫ್ಯಾನು 36 ತಾಸು ತಿರುಗುತ್ತದೆ. ವ್ಯಾನಿಗೆ ಎಸಿ ಹಾಕಿಸಬೇಕೆ ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ, ಪಕ್ಕದಲ್ಲಿ ಕರೆಂಟಿನ ಪ್ಲಗ್ಗು ಸಿಗುವ ಜಾಗದಲ್ಲಿ ಮಾತ್ರ.

ಕೂಲರ್ ಮಾಡುವುದು ಈ ನೀರಿನ ಕೆಲಸವನ್ನೇ. ನಮ್ಮ ಕಡೆ ಬೇಸಿಗೆಯ ಗಾಳಿ ಒಣಗಾಳಿ, ಅದೇ ನಮ್ಮ ಪುಣ್ಯ. 42 ಡಿಗ್ರಿ ಬಿಸಿ, ಗಾಳಿಯಲ್ಲಿ ತೇವ ಶೇಕಡಾ 20 ಇದ್ದರೆ ನೀರು ಆರಿಸಿ ಗಾಳಿಯನ್ನು 24 ಡಿಗ್ರಿವರೆಗೂ ಇಳಿಸಲು ಲೆಕ್ಕದ ಪ್ರಕಾರ ಸಾಧ್ಯ. ಕೂಲರಿಗೆ ಅಷ್ಟು ಪೂರ್ತಿ ಆಗದು, ಆದರೂ 30ರ ಆಸುಪಾಸಿನ ಗಾಳಿ ಬರುತ್ತದೆ. ಹನ್ನೆರಡು ಡಿಗ್ರಿ ಇಳಿದರೆ ಇನ್ನೇನು ಬೇಕು? ಕರಾವಳಿಯವರಿಗೆ ಈ ಭಾಗ್ಯ ಇಲ್ಲ.

ಆದರೆ ಕೂಲರ್ ಹಾಕಿ ಕಿಟಕಿ ಮುಚ್ಚಿದರೆ ಕೆಟ್ಟಿತು. ಹೊಸಬರು ಎಸಿಯ ಅಭ್ಯಾಸದಲ್ಲಿ ಮಾಡುವುದು ಇದನ್ನೇ. ಹದಿನೈದು ನಿಮಿಷದಲ್ಲಿ ಒಳಗಿನ ಗಾಳಿಗೆಲ್ಲ ತೇವ ತುಂಬಿಕೊಂಡು ಮತ್ತೆ ನೀರು ಆರುವುದು ನಿಲ್ಲುತ್ತದೆ. ಹಾಸಿಗೆ ಅಂಟಂಟು, ಮೈ ಜಿಗಿಜಿಗಿ. ಕೂಲರಿನ ಬೆನ್ನು ಹೊರಗಿನ ಗಾಳಿಗೆ ಇರಬೇಕು, ಎದುರಿನ ಕಿಟಕಿಯೋ ಚಾವಣಿಯ ಕಿಂಡಿಯೋ ತೆರೆದಿರಬೇಕು. ಬಂದ ಗಾಳಿ ನಿಮ್ಮನ್ನು ದಾಟಿ ಹೊರಗೆ ಹೋಗಬೇಕು. ಜೂನ್ ಮುಗಿದು ಮಳೆಗಾಲ ಹಿಡಿಯಿತೆಂದರೆ ಕೂಲರ್ ತೆಗೆದು ಮೂಲೆಗಿಡಿ. ಗಾಳಿಯಲ್ಲೇ ತೇವ ಇದ್ದಾಗ ಅದು ತಂಪು ಮಾಡುವುದಕ್ಕಿಂತ ಒದ್ದೆ ಮಾಡುವುದೇ ಜಾಸ್ತಿ. ಆಗ ಫ್ಯಾನೇ ಸರಿ.

ಚಾವಣಿಯ ಕಿಂಡಿ ಅಂದೆ. ಹಳೆಯ ಮನೆಗಳ ಬೆಳಕಿಂಡಿ ನೋಡಿದ್ದೀರಲ್ಲ? ಬಿಸಿಗಾಳಿ ಹಗುರ, ಮೇಲೇರಿ ಅದರಿಂದ ಹೊರಗೆ ಹೋಗುತ್ತದೆ, ಬಾಗಿಲಿನಿಂದ ತಣ್ಣನೆಯದು ಒಳಗೆ ಬರುತ್ತದೆ. ವ್ಯಾನಿನ ಎತ್ತರ ಕಡಿಮೆಯಾದ್ದರಿಂದ ತಾನಾಗಿ ಏರುವ ಗಾಳಿ ಸಾಲದು, ಕಿಂಡಿಗೆ ಒಂದು ಸಣ್ಣ ಎಕ್ಸಾಸ್ಟ್ ಫ್ಯಾನ್ ಬೇಕು. ಫ್ಯಾನು ಗಾಳಿಯನ್ನು ಹೊರಗೆ ಹಾಕಲಿ, ನೆರಳಿನ ಕಡೆಯ ಕಿಟಕಿ ಒಂದೇ ಒಂದು ತೆರೆದಿರಲಿ. ಎಲ್ಲ ಕಿಟಕಿ ತೆರೆದರೆ ಬಿಸಿಲಿನ ಕಡೆಯ ಕಾದ ಗಾಳಿಯೂ ಬರುತ್ತದೆ.

ಬಿಸಿಲಲ್ಲಿ ಕೂತವರಿಗೆ ತಲೆ ಸುತ್ತಿ, ಮಾತು ತೊದಲಿ, ತಲೆಬುಡವಿಲ್ಲದ ಮಾತು ಶುರುವಾದರೆ ಮಜ್ಜಿಗೆ ಕೊಡುತ್ತಾ ಕೂರಬೇಡಿ. ಅದು ಬಿಸಿಲು ಬಡಿದದ್ದು. ನೆರಳಿಗೆ ಮಲಗಿಸಿ, ಮೈಗೆಲ್ಲ ನೀರು ಸುರಿದು ಗಾಳಿ ಬೀಸುತ್ತಾ 108ಕ್ಕೆ ಫೋನ್ ಮಾಡಿ.

ಎಲ್ಲಿ ನಿಲ್ಲಿಸುವುದು

ಮನೆಗೆ ಇಲ್ಲದ ಒಂದು ಸೌಲಭ್ಯ ವ್ಯಾನಿಗಿದೆ, ಚಕ್ರ. ಬೇಸಿಗೆಯಲ್ಲಿ ಮರ ಹುಡುಕುವಾಗ ಬೆಳಿಗ್ಗೆ ಎಲ್ಲಿ ನೆರಳಿದೆ ಅಂತ ನೋಡಬೇಡಿ, ಮಧ್ಯಾಹ್ನ ಮೂರಕ್ಕೆ ಎಲ್ಲಿರುತ್ತದೆ ಅಂತ ನೋಡಿ. ಮರ ಗಾಡಿಯ ಪಶ್ಚಿಮಕ್ಕಿರಬೇಕು. ಬೇವು, ಹುಣಸೆ ಎರಡೂ ಒಳ್ಳೆಯ ನೆರಳು. ಗಾಡಿಯ ಮೂತಿ ಪೂರ್ವಕ್ಕಿರಲಿ. ಮುಂದಿನ ಗಾಜು ಎಲ್ಲಕ್ಕಿಂತ ದೊಡ್ಡದು, ಇಳಿಹೊತ್ತಿನ ಬಿಸಿಲಿಗೆ ಅದು ಎದುರಾಗಬಾರದು. ಬೆಳಗಿನ ಎಳೆಬಿಸಿಲಿಗೆ ಬೆಡ್‌ಶೀಟ್ ಹೊದಿಸಿದರೆ ಸಾಕು. ಚಳಿಗಾಲದಲ್ಲೂ ಇದೇ ದಿಕ್ಕು, ಬೆಡ್‌ಶೀಟ್ ಮಾತ್ರ ಬೇಡ. ಆರೂ ಮುಕ್ಕಾಲಿಗೆ ಸೂರ್ಯ ಎದ್ದ ಕೂಡಲೇ ಒಳಗೆ ಬೆಚ್ಚಗಾಗುತ್ತದೆ.

ಆನೆಗೊಂದಿ, ಅಂಜನಾದ್ರಿ ಸುತ್ತಿನ ಬಂಡೆಗಳ ನಡುವೆ ಗಾಡಿ ನಿಲ್ಲಿಸಿ ಫೋಟೊ ತೆಗೆದರೆ ಚೆಂದ ಬರುತ್ತದೆ. ಮೇ ತಿಂಗಳಲ್ಲಿ ಅಲ್ಲೇ ಮಲಗಬೇಡಿ. ಹಗಲಿಡೀ ಕುಡಿದ ಬಿಸಿಲನ್ನು ಆ ಕಲ್ಲು ರಾತ್ರಿ ಬಹಳ ಹೊತ್ತು ಉಗುಳುತ್ತಿರುತ್ತದೆ. ಸಂಜೆ ಗದ್ದೆ ಬಯಲಿಗೆ ಬನ್ನಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದಿರುವ ಭತ್ತದ ಸೀಮೆಯಲ್ಲಿ ರಾತ್ರಿ ಹಿತವಾಗಿರುತ್ತದೆ. ಸೊಳ್ಳೆ ಮಾತ್ರ ವಿಪರೀತ. ಸೊಳ್ಳೆ ಪರದೆ ಗಾಳಿಯನ್ನೂ ತಡೆಯುವುದರಿಂದ ಫ್ಯಾನು ಪರದೆಯ ಒಳಗೇ ಇರಬೇಕು. ಬಳ್ಳಾರಿಯವರಿಗೆ ಸಂಡೂರು ಹತ್ತಿರ. ಅಲ್ಲಿನ ಗುಡ್ಡ ಬಳ್ಳಾರಿ ಪಟ್ಟಣಕ್ಕಿಂತ ನಾನೂರು ಐನೂರು ಮೀಟರ್ ಎತ್ತರ, ಮೂರ್ನಾಲ್ಕು ಡಿಗ್ರಿ ತಂಪು. ಕಾಡಿನೊಳಗೆ ರಾತ್ರಿ ಉಳಿಯುವಂತಿಲ್ಲ, ಊರಲ್ಲೇ ಜಾಗ ನೋಡಿಕೊಳ್ಳಬೇಕು. ಎರೆ ಹೊಲದಲ್ಲಿ ಮಾತ್ರ ಗಾಡಿ ಇಳಿಸಲೇಬೇಡಿ. ರಾತ್ರಿ ಒಂದು ಮಳೆ ಬಂದರೆ ಬೆಳಿಗ್ಗೆ ಟ್ರ್ಯಾಕ್ಟರಿಗೆ ದುಡ್ಡು ಕೊಡಬೇಕಾಗುತ್ತದೆ.

ಚಳಿಯಲ್ಲಿ ಎಲ್ಲವೂ ಉಲ್ಟಾ

ನಮ್ಮ ಚಳಿ ದೊಡ್ಡ ಚಳಿ ಏನಲ್ಲ. ಡಿಸೆಂಬರ್, ಜನವರಿಯ ರಾತ್ರಿ 15 ಡಿಗ್ರಿ ಆಸುಪಾಸು, ಕೆಲವು ದಿನ ಅದಕ್ಕಿಂತ ಕೆಳಗೆ. ಆದರೆ ತಗಡಿನೊಳಗೆ ಮಲಗಿದವರಿಗೆ ಅದು ಜಾಸ್ತಿಯೇ ಅನ್ನಿಸುತ್ತದೆ. ಮೋಡವಿಲ್ಲದ ರಾತ್ರಿ ಚಾವಣಿ ತನ್ನ ಬಿಸಿಯನ್ನು ನೇರ ಆಕಾಶಕ್ಕೆ ಬಿಟ್ಟುಕೊಡುತ್ತದೆ, ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಬೆಳಿಗ್ಗೆ ಗಾಡಿಯ ಮೇಲೆ ಮಂಜು ಕೂತಿರುತ್ತದೆ, ಮರದ ಕೆಳಗಿನ ಗಾಡಿಯ ಮೇಲೆ ಅಷ್ಟು ಇರುವುದಿಲ್ಲ. ಕಾರಣ ಇದೇ. ಹಾಗಾಗಿ ತಾಡಪಾಲಿನ ವೇಳಾಪಟ್ಟಿ ತಿರುಗಿಸಬೇಕು. ಬೇಸಿಗೆಯಲ್ಲಿ ಹಗಲು ಕಟ್ಟಿ, ರಾತ್ರಿ ಬಿಚ್ಚಿ, ಚಾವಣಿ ಆಕಾಶ ನೋಡಲಿ. ಚಳಿಯಲ್ಲಿ ರಾತ್ರಿ ಕಟ್ಟಿ, ಬೆಳಿಗ್ಗೆ ಬಿಚ್ಚಿ. ಜೂನ್‌ನಿಂದ ಆಗಸ್ಟ್‌ವರೆಗೆ ಕೊಪ್ಪಳದ ಬಯಲಲ್ಲಿ ಪಶ್ಚಿಮದಿಂದ ಬೀಸುವ ಗಾಳಿಗೆ ಬಿದಿರೂ ಉಳಿಯುವುದಿಲ್ಲ, ಆಗ ಕಟ್ಟುವ ಆಸೆ ಬಿಡಿ.

ಹೊದೆಯಲು ಕೌದಿಗಿಂತ ಒಳ್ಳೆಯದು ನನಗೆ ಕಂಡಿಲ್ಲ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದಿರುತ್ತಾರೆ, ಒಂದೊಂದು ಪದರದ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ಬೆಚ್ಚಗಿಡುವುದು ಬಟ್ಟೆಗಿಂತ ಆ ಗಾಳಿ. ಮೇಲೆ ಎರಡು ಹೊದೆಯುವ ಬದಲು ಒಂದನ್ನು ಮೈ ಕೆಳಗೆ ಹಾಸಿಕೊಳ್ಳಿ. ಗಾಡಿಯ ತಳದ ಕೆಳಗೂ ಚಳಿಗಾಳಿ ಆಡುತ್ತಿರುತ್ತದೆ ಅನ್ನುವುದು ಜನಕ್ಕೆ ನೆನಪೇ ಆಗುವುದಿಲ್ಲ. ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿ, ಮುಚ್ಚಳ ಬಿಗಿದು, ಟವೆಲ್ ಸುತ್ತಿ ಕಾಲ ಬುಡದಲ್ಲಿಟ್ಟುಕೊಂಡರೆ ನಿದ್ದೆ ಹತ್ತುವವರೆಗೂ ಹಿತ.

ಒಳಗೆ ಕೆಂಡದ ಒಲೆ ಇಡಬಾರದು. ಗ್ಯಾಸ್ ಒಲೆ ಹಚ್ಚಿಟ್ಟು ಬೆಚ್ಚಗೆ ಮಾಡಿಕೊಳ್ಳುವುದೂ ಬೇಡ, ಇಂಜಿನ್ ಚಾಲೂ ಇಟ್ಟು ಮಲಗುವುದೂ ಬೇಡ. ಇವೆಲ್ಲ ಕಾರ್ಬನ್ ಮಾನಾಕ್ಸೈಡ್ ಬಿಡುತ್ತವೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಕೊಳ್ಳುತ್ತದೆ, ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಕೆಂಡ ಹೊಗೆಯಾಡುತ್ತಿಲ್ಲ ಅಂದ ಮಾತ್ರಕ್ಕೆ ಅಪಾಯ ಇಲ್ಲ ಅಂತ ಅಲ್ಲ. ಇದನ್ನು ಪತ್ತೆ ಮಾಡಿ ಕೂಗುವ ಸಣ್ಣ ಅಲಾರಂ ಸಿಗುತ್ತದೆ, ವ್ಯಾನಿನಲ್ಲಿ ಅಡುಗೆ ಮಾಡುವವರೆಲ್ಲ ಒಂದು ಇಟ್ಟುಕೊಳ್ಳಬೇಕು.

ಚಳಿಗೆ ಹೆದರಿ ಕಿಟಕಿಯೆಲ್ಲ ಬಿಗಿಯಾಗಿ ಮುಚ್ಚಿದರೆ ಇನ್ನೊಂದು ಪೇಚು. ಇಬ್ಬರು ಮಲಗಿದರೆ ಉಸಿರಿನಿಂದ, ಮೈಯಿಂದ ಬೆಳಗಾಗುವಷ್ಟರಲ್ಲಿ ಅರ್ಧ ಲೀಟರಿಗೂ ಜಾಸ್ತಿ ನೀರು ಗಾಳಿಗೆ ಸೇರುತ್ತದೆ. ಅದು ತಣ್ಣನೆಯ ಗಾಜು, ತಗಡಿನ ಮೇಲೆ ಹನಿಯಾಗಿ ಕೂರುತ್ತದೆ. ಬೆಳಿಗ್ಗೆ ಗಾಜಿನ ಮೇಲಿನ ಹನಿಗಳು ಒಂದಕ್ಕೊಂದು ಕೂಡಿಕೊಂಡು ಗೆರೆಯಾಗಿ ಇಳಿದು ರಬ್ಬರ್ ಪಟ್ಟಿಯ ಸಂದಿಯಲ್ಲಿ ನಿಂತಿರುವುದನ್ನು ನೋಡಬಹುದು. ತುಕ್ಕು ಶುರುವಾಗುವುದು ಅಲ್ಲಿಂದಲೇ. ಎದುರುಬದುರು ಮೂಲೆಯ ಎರಡು ಕಿಟಕಿಯನ್ನು ಒಂದು ಬೆರಳಷ್ಟು ತೆರೆದಿಟ್ಟು, ಕೌದಿ ಇನ್ನೊಂದು ಜಾಸ್ತಿ ಹೊದೆಯುವುದೇ ಸರಿಯಾದ ದಾರಿ. ಹಾಸಿಗೆಯನ್ನು ನೇರ ಪ್ಲೈವುಡ್ಡಿನ ಮೇಲೆ ಹಾಕಿದ್ದರೆ ವಾರಕ್ಕೊಮ್ಮೆ ಎತ್ತಿ ನೋಡಿ. ಮೈಯ ಬಿಸಿ, ಕೆಳಗಿನ ತಣ್ಣನೆಯ ಹಲಗೆ ಸೇರುವ ಕಡೆ ಬೂಸ್ಟು ಹಿಡಿಯುತ್ತದೆ. ಹಲಗೆಗೆ ಅಲ್ಲಲ್ಲಿ ರೂಪಾಯಿ ಅಗಲದ ತೂತು ಕೊರೆಸಿ, ಬಿಸಿಲೇರಿದ ಮೇಲೆ ಹಾಸಿಗೆಯನ್ನು ಒಂದು ತಾಸು ಹೊರಗೆ ಹಾಕಿದರೆ ಅದರ ಕಾಟ ತಪ್ಪುತ್ತದೆ.